ಬೆಳ್ಳಿಯ ನಾಣ್ಯ ಮತ್ತು ಕಬ್ಬಿಣದ ಮೊಳೆ: ಅಮೆರಿಕದ ಹಳೆಯ ಮನೆಗಳಲ್ಲಿ ಲೋಹಶೋಧನೆ

ಹಳೆಯ ಮನೆಯ ಹಿತ್ತಿಲಿನಲ್ಲಿ ಹೂತಿಟ್ಟ ಹಣವಿರುವುದೆಂಬ ನಂಬಿಕೆ ನಮ್ಮಲ್ಲಿರುವಂತೆ ಇತರ ದೇಶಗಳಲ್ಲಿಯೂ ಉಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಆಸೆಗೆ ಯಂತ್ರವೊಂದರ ನೆರವು ದೊರೆತು ಮುಕ್ಕಾಲು ಶತಮಾನವೇ ಕಳೆದಿದೆ. ಎರಡನೆಯ ಮಹಾಯುದ್ಧದಲ್ಲಿ ನೆಲದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ಪತ್ತೆಹಚ್ಚಲು ಬಳಕೆಯಾದ ಲೋಹಶೋಧಕ ಯಂತ್ರಗಳು, ಯುದ್ಧಾನಂತರ ಸೇನೆಯ ಉಳಿಕೆ ಸಾಮಗ್ರಿಯಾಗಿ ಸಾಮಾನ್ಯರ ಕೈಸೇರಿದುವು. ಕ್ರಮೇಣ ಹಳೆಯ ಮನೆಗಳ ಅಂಗಳದಲ್ಲಿ ಬೆಳ್ಳಿಯ ನಾಣ್ಯಗಳನ್ನು ಅರಸುವುದು ಅಲ್ಲಿ ಸಹಸ್ರಾರು ಜನರ ಹವ್ಯಾಸವಾಗಿ ಬೆಳೆಯಿತು. ಈ ಹವ್ಯಾಸದಿಂದ ಇತಿಹಾಸಕ್ಕೆ ಆಗುವ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ವರ್ಜೀನಿಯ ಪ್ರಾಂತದ ಒಂದು ಮನೆಯ ನಿದರ್ಶನದಿಂದ ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನಾಣ್ಯದ ವಿಷಯವನ್ನು ನೋಡೋಣ. 1792ರ ಕಾಯಿದೆಯಂತೆ ಸಂಯುಕ್ತ ಸಂಸ್ಥಾನಗಳು ತಮ್ಮದೇ ಟಂಕಸಾಲೆಯನ್ನು ಸ್ಥಾಪಿಸಿಕೊಂಡರೂ, ಮೆಕ್ಸಿಕೊ ಮೊದಲಾದೆಡೆಗಳಲ್ಲಿ ಅಚ್ಚಾದ ಸ್ಪೇನಿನ ಬೆಳ್ಳಿನಾಣ್ಯಗಳಿಗೆ ಅಲ್ಲಿ 1857ರವರೆಗೂ ಕಾನೂನಿನ ಮನ್ನಣೆಯಿದ್ದಿತು. ಎಂಟು ರಿಯಾಲಿನ ಡಾಲರನ್ನು ಚಿಲ್ಲರೆಗಾಗಿ ತುಂಡರಿಸಿ ಬಳಸುವುದೂ ಉಂಟು. ಮುಂದೆ 1965ರ ಕಾಯಿದೆ ಹತ್ತು ಮತ್ತು ಇಪ್ಪತ್ತೈದು ಸೆಂಟುಗಳ ನಾಣ್ಯಗಳಿಂದ ಬೆಳ್ಳಿಯನ್ನು ತೆಗೆದುಹಾಕುವವರೆಗೆ ಬೆಳ್ಳಿಯು ನಿತ್ಯವ್ಯವಹಾರದ ಲೋಹವಾಗಿತ್ತು. ಆದುದರಿಂದ ಹಳೆಯ ಅಂಗಳಗಳಲ್ಲಿ ಬೆಳ್ಳಿ ಸಿಕ್ಕುವುದು ಆಶ್ಚರ್ಯವಲ್ಲ. ಆದರೆ ನಾಣ್ಯದ ಮೇಲಣ ವರ್ಷವು ಅದು ಅಚ್ಚಾದ ಕಾಲವನ್ನು ತಿಳಿಸುವುದೇ ಹೊರತು ನೆಲಕ್ಕೆ ಬಿದ್ದ ಕಾಲವನ್ನಲ್ಲ. 1780ರಲ್ಲಿ ಅಚ್ಚಾದ ನಾಣ್ಯ 1850ರಲ್ಲಿ ಕಳೆದುಹೋಗಿರಬಹುದು. ಮಣ್ಣಿನ ಯಾವ ಪದರದಲ್ಲಿ, ಯಾವ ವಸ್ತುಗಳೊಡನೆ ದೊರೆಯಿತೆಂಬುದು ತಿಳಿಯದಿದ್ದರೆ, ನಾಣ್ಯವು ಆ ಮನೆಯ ಬಗೆಗೆ ಹೇಳುವುದು ಅತ್ಯಲ್ಪ.

ಯಂತ್ರದ ಬಳಕೆಯಲ್ಲಿಯೂ ಒಂದು ತೊಡಕುಂಟು. ಲೋಹಶೋಧಕದ ಸುರುಳಿಯು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹರಡುತ್ತದೆ. ಅದರಿಂದ ಲೋಹದಲ್ಲಿ ಹುಟ್ಟುವ ವಿದ್ಯುತ್ಪ್ರವಾಹವು ಮರುಸೂಚನೆಯನ್ನು ನೀಡುತ್ತದೆ. ಬೆಳ್ಳಿಯ ಸೂಚನೆಗೂ ಕಬ್ಬಿಣದ ಸೂಚನೆಗೂ ವ್ಯತ್ಯಾಸವಿರುವುದರಿಂದ, ಕಬ್ಬಿಣದ ಸದ್ದು ಕೇಳಿಸದಂತೆ ಯಂತ್ರವನ್ನು ಅಳವಡಿಸಿಕೊಳ್ಳಬಹುದು. ನಾಣ್ಯವನ್ನು ಅರಸುವವನು ಸಾಮಾನ್ಯವಾಗಿ ಮಾಡುವುದು ಇದನ್ನೇ. ಅವನ ಪಾಲಿಗೆ ತುಕ್ಕು ಹಿಡಿದ ಮೊಳೆ ಕೇವಲ ಕಸ.

ಈ ಕಸವೇ ಇತಿಹಾಸದ ಮುಖ್ಯ ಆಧಾರವಾದುದನ್ನು ವರ್ಜೀನಿಯದ ಮಾಂಟ್‌ಪೀಲಿಯರ್‌ನಲ್ಲಿ ಕಾಣುತ್ತೇವೆ. ಇದು ರಾಜ್ಯಾಂಗದ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿ, 1809ರಿಂದ 1817ರವರೆಗೆ ಅಧ್ಯಕ್ಷನಾಗಿದ್ದ ಜೇಮ್ಸ್ ಮ್ಯಾಡಿಸನ್ನನ ಮನೆ. ಅವನು 1836ರಲ್ಲಿ ತೀರಿಕೊಂಡನು. 1844ರಲ್ಲಿ ಅವನ ಪತ್ನಿ ಡಾಲಿ ಮಾರಿದ ಈ ಮನೆ, ಹಲವು ಒಡೆಯರ ಕೈದಾಟಿ, 1984ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣ ಸಂಸ್ಥೆಯ ವಶಕ್ಕೆ ಬಂದಿತು. ಮ್ಯಾಡಿಸನ್ನನ ಕಾಗದಪತ್ರಗಳು ಸಂಪುಟಗಟ್ಟಲೆ ಉಳಿದಿವೆ. ಅಲ್ಲಿ ದುಡಿದ ಗುಲಾಮರಾದರೋ, ಎಲ್ಲ ತಲೆಮಾರುಗಳನ್ನು ಕೂಡಿಸಿದರೆ ಮುನ್ನೂರಕ್ಕೆ ಮೇಲ್ಪಟ್ಟವರು. ಅವರು ಎಲ್ಲೆಲ್ಲಿ ವಾಸವಾಗಿದ್ದರೆಂಬುದಕ್ಕೆ ಕಾಗದದ ಆಧಾರ ಬಹಳ ಕಡಮೆ. ಹೊಲದಾಳುಗಳ ಮರದ ಗುಡಿಸಲುಗಳಿಗೆ ಭದ್ರವಾದ ತಳಹದಿ ಇರುತ್ತಿದ್ದುದೂ ವಿರಳ. ಉಳಿದಿರುವುದು ಮೇಲ್ಮಣ್ಣಿನಲ್ಲಿ ಚದರಿಹೋದ ಮೊಳೆ, ಗುಂಡಿ, ಮಡಕೆಯ ಚೂರುಗಳು ಮಾತ್ರ.

ಅಲ್ಲಿನ ಪ್ರಾಕ್ತನ ಸಂಶೋಧಕರು 2010ರ ದಶಕದಲ್ಲಿ ಹವ್ಯಾಸಿ ಲೋಹಶೋಧಕರನ್ನು ದೂರವಿಡದೆ, ಅವರನ್ನು ಬರಮಾಡಿಕೊಂಡು, ತರಬೇತು ನೀಡಿ, ತಮ್ಮ ಕೆಲಸದಲ್ಲಿ ಕೂಡಿಸಿಕೊಂಡರು. ನೆಲವನ್ನು ಚೌಕಗಳಾಗಿ ವಿಂಗಡಿಸಿ, ಕಬ್ಬಿಣದ ಸದ್ದನ್ನೂ ಬಿಡದೆ ಗುರುತಿಸಲಾಯಿತು. ಮೊಳೆಗಳು ದಟ್ಟವಾಗಿ ತೋರಿದೆಡೆ ಕಟ್ಟಡವಿದ್ದಿರಬೇಕೆಂದು ಊಹಿಸಿ ಅಗೆದು ನೋಡಿದಾಗ ಗುಲಾಮರ ವಸತಿಗಳು ಬೆಳಕಿಗೆ ಬಂದುವು.

ಮೊಳೆಯಿಂದ ಸ್ಥೂಲವಾದ ಕಾಲನಿರ್ಣಯವೂ ಸಾಧ್ಯ. ಹದಿನೆಂಟನೆಯ ಶತಮಾನದ ಕೊನೆಯವರೆಗೆ ಕಮ್ಮಾರನು ಬಡಿದು ಮಾಡಿದ ಮೊಳೆ, ಅನಂತರ ಯಂತ್ರದಿಂದ ತಗಡನ್ನು ಕತ್ತರಿಸಿ ಮಾಡಿದ ಮೊಳೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಂತಿಯ ಮೊಳೆ ಹೆಚ್ಚಾಗಿ ಬಳಕೆಯಲ್ಲಿದ್ದುವು. ಈ ಮೊಳೆಗಳನ್ನು ಮಾಡಿದವರನ್ನೂ ನಾವು ಮರೆಯಬಾರದು. ಥಾಮಸ್ ಜೆಫರ್ಸನ್ನನು ಅದೇ ಪ್ರಾಂತದ ಮಾಂಟಿಚೆಲ್ಲೊದಲ್ಲಿ 1794ರಲ್ಲಿ ತೆರೆದ ಮೊಳೆಯ ಕುಲುಮೆಯಲ್ಲಿ ಸುತ್ತಿಗೆ ಹಿಡಿದವರು ಗುಲಾಮ ಬಾಲಕರು.

ಹೀಗೆಂದ ಮಾತ್ರಕ್ಕೆ ಬೆಳ್ಳಿನಾಣ್ಯಕ್ಕೆ ಬೆಲೆಯಿಲ್ಲವೆಂದಲ್ಲ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಗುಲಾಮರು ವಾಸಿಸಿದ್ದ ನೆಲೆಗಳ ಉತ್ಖನನದಲ್ಲಿ ತೂತು ಕೊರೆದ ಬೆಳ್ಳಿನಾಣ್ಯಗಳು ದೊರೆತಿವೆ. ಗುಲಾಮಗಿರಿಯನ್ನು ಸ್ವತಃ ಅನುಭವಿಸಿದ್ದ ವೃದ್ಧರಿಂದ 1930ರ ದಶಕದಲ್ಲಿ ಸಂಗ್ರಹಿಸಿದ ಹೇಳಿಕೆಗಳಲ್ಲಿ, ಕೇಡು ತಗಲದಿರಲೆಂದು ಇಂತಹ ನಾಣ್ಯವನ್ನು ಕೊರಳಿಗೋ ಕಾಲಿಗೋ ಕಟ್ಟಿಕೊಳ್ಳುತ್ತಿದ್ದ ಸಂಗತಿ ಬರುತ್ತದೆ. ತೂತು ಬಿದ್ದ ನಾಣ್ಯದ ಬೆಲೆ ಸಂಗ್ರಾಹಕನ ಲೆಕ್ಕದಲ್ಲಿ ಇಳಿಯುತ್ತದೆ. ಇತಿಹಾಸಕಾರನ ಲೆಕ್ಕದಲ್ಲಿ ಏರುತ್ತದೆ. ಆದರೆ ಅದು ಇಂತಹ ಗುಡಿಸಲಿನ ನೆಲದಿಂದ ಬಂದುದೆಂಬುದು ದಾಖಲೆಯಾಗಿದ್ದರೆ ಮಾತ್ರ. ಮಾರುಕಟ್ಟೆಗೆ ಬಂದ ಬಳಿಕ ಅದು ಬರಿಯ ಕೆಟ್ಟ ನಾಣ್ಯ.

1979ರಲ್ಲಿ ಆದ ಪ್ರಾಕ್ತನ ಸಂಪತ್ತಿನ ರಕ್ಷಣೆಯ ಕಾಯಿದೆ ಮುಖ್ಯವಾಗಿ ಒಕ್ಕೂಟ ಸರಕಾರದ ಹಾಗೂ ಮೂಲನಿವಾಸಿಗಳ ನೆಲಗಳಿಗೆ ಅನ್ವಯಿಸುತ್ತದೆ. ಖಾಸಗಿ ಮನೆಯ ಅಂಗಳದಲ್ಲಿ ಬಹುಮಟ್ಟಿಗೆ ಒಡೆಯನ ಒಪ್ಪಿಗೆಯೇ ಸಾಕು. ಹೀಗಿರುವಲ್ಲಿ ಆಧಾರವು ಉಳಿಯುವುದೂ ಅಳಿಯುವುದೂ ಯಂತ್ರ ಹಿಡಿದವನ ವಿವೇಕವನ್ನೇ ಅವಲಂಬಿಸಿದೆ. ನಾಣ್ಯವೊಂದು ಕಳೆದುಹೋದರೂ ದೊಡ್ಡ ಮನೆಯ ಒಡೆಯನ ಚರಿತ್ರೆ ಕಾಗದದಲ್ಲಿ ಉಳಿಯುತ್ತದೆ. ಗುಲಾಮನ ಬಾಳಿಗೆ ಆ ಮೇಲ್ಮಣ್ಣಿನ ಪದರವೇ ದಫ್ತರ. ಅದನ್ನು ಕೆದಕಿ ಬೆಳ್ಳಿಯನ್ನಷ್ಟೇ ಎತ್ತಿಕೊಂಡರೆ ಉಳಿದುದನ್ನು ಮತ್ತೆ ಓದಲಾಗುವುದಿಲ್ಲ. ನಿಧಿಯ ಆಸೆಗೆ ಹಳೆಯ ಗುಡಿಗಳ ನೆಲವನ್ನು ಅಗೆಯುವುದನ್ನು ನಮ್ಮ ನಾಡಿನಲ್ಲಿಯೂ ಕಾಣುತ್ತಿರುವ ನಾವು, ಈ ನಿದರ್ಶನವನ್ನು ಪರದೇಶದ ಸುದ್ದಿಯೆಂದು ಬದಿಗಿಡುವಂತಿಲ್ಲ.