ನಿಂತ ವಿಮಾನಕ್ಕೆ ತಂಪು ಎಲ್ಲಿಂದ? ಬಳ್ಳಾರಿಯಿಂದ ದೇವನಹಳ್ಳಿವರೆಗೆ ಒಂದು ಕಥೆ

ಇವತ್ತಿನ ಸಂಚಿಕೆ ವಿಮಾನದ ಬಗ್ಗೆ. ಹಾರೋ ವಿಮಾನ ಅಲ್ಲ, ನಿಂತಿರೋ ವಿಮಾನ. ಗೇಟಿಗೆ ಬಂದು ನಿಂತ ಮೇಲೆ ಅದರೊಳಗೆ ತಂಪು ಗಾಳಿ ಬರುತ್ತಲ್ಲ, ಅದು ಎಲ್ಲಿಂದ ಬರುತ್ತೆ? ಅದಕ್ಕೆ ಏನು ಉರಿಯುತ್ತೆ? ಆ ಹೊಗೆ ಯಾರ ಮೂಗಿಗೆ ಹೋಗುತ್ತೆ? ಈ ಮೂರು ಪ್ರಶ್ನೆಗೆ ತೊಂಬತ್ತು ವರ್ಷದ ಇತಿಹಾಸ ಇದೆ. ಅದರಲ್ಲಿ ಬಳ್ಳಾರಿ ಬರುತ್ತೆ, ಜಾವಗಲ್ ಬರುತ್ತೆ, ಪಾವಗಡನೂ ಬರುತ್ತೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಕೇಳ್ತಿರೋರಿಗೆ ಇದರ ಮೂಲ ಸಂಗತಿ ಆಗಲೇ ಗೊತ್ತು. ಉಂಡೆ ಕೊಬ್ಬರಿ ಹೇಗಾಗುತ್ತೆ? ಬಲಿತ ಕಾಯಿನ ಸುಲಿಯದೆ ಅಟ್ಟಕ್ಕೆ ಹಾಕ್ತೀವಿ. ಹತ್ತು ತಿಂಗಳು, ಹನ್ನೊಂದು ತಿಂಗಳು ಅದು ಅಲ್ಲೇ ಇರುತ್ತೆ. ಅಟ್ಟದ ಹಲಗೆ ಮಧ್ಯೆ ಸಂದು ಬಿಟ್ಟಿರ್ತೀವಿ, ಯಾಕಂದ್ರೆ ಗಾಳಿ ಆಡಬೇಕು. ಗಾಳಿ ಆಡದಿದ್ರೆ ತೇವ ನಿಲ್ಲುತ್ತೆ, ತೇವ ನಿಂತ್ರೆ ಕೊಬ್ಬರಿ ಕೆಡುತ್ತೆ. ಸುಮ್ಮನೆ ಇಟ್ಟ ವಸ್ತು ಸುಮ್ಮನೆ ಇರಲ್ಲ. ಅದಕ್ಕೆ ಗಾಳಿಯ ವ್ಯವಸ್ಥೆ ಬೇಕು. ವಿಮಾನಕ್ಕೂ ಇದೇ ಮಾತು. ಒಂದೇ ವ್ಯತ್ಯಾಸ ಅಂದ್ರೆ, ಅಟ್ಟಕ್ಕೆ ಬರೋ ಗಾಳಿಗೆ ದುಡ್ಡಿಲ್ಲ.

1902: ಎರಡು ಆರಂಭ

ಅಮೆರಿಕದ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯ ಇತ್ತು. ಸೆಕೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗೋದು, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರ್ತಿರಲಿಲ್ಲ. ಅದಕ್ಕೆ ಪರಿಹಾರ ಅಂತ ವಿಲ್ಲಿಸ್ ಕ್ಯಾರಿಯರ್ ಅನ್ನೋ ಎಂಜಿನಿಯರ್ 1902ರಲ್ಲಿ ಒಂದು ಯಂತ್ರದ ನಕ್ಷೆ ಮಾಡಿದ. ಅದೇ ಇವತ್ತಿನ ಏರ್ ಕಂಡೀಷನರ್‌ನ ತಾತ. ಗಮನಿಸಿ, ಅದನ್ನ ಮಾಡಿದ್ದು ಮನುಷ್ಯರಿಗೆ ತಂಪು ಮಾಡೋಕಲ್ಲ, ಕಾಗದದ ತೇವ ತಡೆಯೋಕೆ. ಅಟ್ಟದ ಲೆಕ್ಕಾಚಾರನೇ ಅದು.

ಅದೇ 1902ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಜಲವಿದ್ಯುತ್ ಹರಿಯಿತು. ತಂಪು ಮಾಡೋ ಯಂತ್ರ ಒಂದು ಕಡೆ, ದೂರದಿಂದ ತಂತಿಯಲ್ಲಿ ಬರೋ ಕರೆಂಟು ಇನ್ನೊಂದು ಕಡೆ. ಇವೆರಡೂ ಸೇರಿ ನಿಂತ ವಿಮಾನವನ್ನ ತಂಪು ಮಾಡಬಹುದಿತ್ತು. ಆದ್ರೆ ವಿಮಾನ ಮೊದಲು ಹಿಡಿದದ್ದು ಬೇರೆ ದಾರಿ, ಎಣ್ಣೆಯ ದಾರಿ.

ಬಳ್ಳಾರಿಯ ಬಿಸಿಲು, ಅಲಾಸ್ಕದ ಚಳಿ

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಒಂದು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಟಪಾಲು ಹೊತ್ತು ಹೊರಟರು. ಅಹಮದಾಬಾದ್‌ನಲ್ಲಿ ಇಂಧನದ ಡಬ್ಬಗಳು ಬಂದದ್ದು ಎತ್ತಿನಗಾಡಿಯಲ್ಲಿ. ಅಲ್ಲಿಂದ ಬೊಂಬಾಯಿ. ಬೊಂಬಾಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅನ್ನೋ ಪೈಲಟ್ ಟಪಾಲನ್ನ ಮದರಾಸಿಗೆ ಒಯ್ದರು. ದಾರಿಯಲ್ಲಿ ಇಳಿದ ಊರು ನಮ್ಮ ಬಳ್ಳಾರಿ. ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲೇ ಬಳ್ಳಾರಿಯ ಹೆಸರಿದೆ.

ಆಗ ನಿಂತ ವಿಮಾನಕ್ಕೆ ತಂಪು ಅನ್ನೋ ಯೋಚನೆನೇ ಇರಲಿಲ್ಲ. ಪತ್ರಗಳಿಗೆ ಸೆಕೆ ಆಗಲ್ಲ. ಪೈಲಟ್‌ಗೆ ಆಗೋದು, ಆತ ಬೆವರು ಒರೆಸಿಕೊಂಡು ಹೋಗ್ತಿದ್ದ.

ಚಳಿ ದೇಶಗಳಲ್ಲಿ ಮಾತ್ರ ಕಥೆ ಬೇರೆ. ಅಲಾಸ್ಕ, ಕೆನಡಾದ ಕಡೆ ಪೈಲಟ್‌ಗಳು ಸಂಜೆ ವಿಮಾನ ನಿಲ್ಲಿಸಿದ ಕೂಡಲೇ ಎಂಜಿನ್ನಿನ ಆಯಿಲ್ ಇಳಿಸಿ ಒಳಗೆ ಒಯ್ಯೋರು. ಬೆಳಿಗ್ಗೆ ಅದನ್ನ ಒಲೆ ಮೇಲೆ ಬಿಸಿ ಮಾಡಿ ಮತ್ತೆ ತುಂಬೋರು. ಇಲ್ಲಾಂದ್ರೆ ಆಯಿಲ್ ಗಟ್ಟಿಯಾಗಿ ಎಂಜಿನ್ನೇ ತಿರುಗ್ತಿರಲಿಲ್ಲ. ಅಂದ್ರೆ ನಿಂತ ವಿಮಾನದ ಆರೈಕೆ ಶುರುವಾಗಿದ್ದು ಪ್ರಯಾಣಿಕರಿಗಾಗಿ ಅಲ್ಲ, ಎಂಜಿನ್ನಿಗಾಗಿ.

ಡಬ್ಬದೊಳಗೆ 180 ಜನ

ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಇವತ್ತಿನ ಎಚ್‌ಎಎಲ್. ಎರಡನೇ ಮಹಾಯುದ್ಧದಲ್ಲಿ ಅದು ಅಮೆರಿಕದ ವಾಯುಪಡೆಯ ವಿಮಾನಗಳನ್ನ ರಿಪೇರಿ ಮಾಡೋ ದೊಡ್ಡ ಕೇಂದ್ರ ಆಯ್ತು. ಯುದ್ಧ ಮುಗಿದ ಮೇಲೆ ಆ ಕಾಲದ ಡಕೋಟಾಗಳೇ ನಮ್ಮ ದೇಶದ ಪ್ರಯಾಣಿಕ ವಿಮಾನಗಳಾದವು. ಎಂಜಿನ್ ನಿಲ್ಲಿಸಿದ್ರೆ ಒಳಗೆ ಗಾಳಿ ನಿಂತಂತೆ. ಬಿಸಿಲಲ್ಲಿ ನಿಂತ ಅಲ್ಯೂಮಿನಿಯಂ ಡಬ್ಬ ಹೇಗಿರುತ್ತೆ, ನೀವೇ ಊಹಿಸಿ.

ಇಲ್ಲಿ ಒಂದು ಸಣ್ಣ ಲೆಕ್ಕ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಗೆ ಬರುತ್ತೆ. ಇವತ್ತಿನ ಎ320 ವಿಮಾನದಲ್ಲಿ 180 ಜನ ಕೂತ್ರೆ 18,000 ವ್ಯಾಟ್. ಹದಿನೆಂಟು ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಚ್ಚಿಟ್ಟ ಹಾಗೆ. ಅದರ ಮೇಲೆ ಬಿಸಿಲು, ಅದರ ಮೇಲೆ ಯಂತ್ರಗಳ ಬಿಸಿ. ಹೊರಗೆ ಹಿತವಾದ ಹವಾ ಇದ್ರೂ ಒಳಗೆ ಸೆಕೆ. ಬೆಂಗಳೂರು ತಂಪು ಊರು ಅನ್ನೋ ಮಾತು ವಿಮಾನದ ಬಾಗಿಲಿಗೇ ಮುಗೀತು.

1950ರ, 60ರ ದಶಕದಲ್ಲಿ ಇದಕ್ಕೆ ಉತ್ತರ ಗಾಡಿಗಳು. ಕರೆಂಟಿಗೆ ಒಂದು ಗಾಡಿ, ತಂಪು ಗಾಳಿಗೆ ಒಂದು ಗಾಡಿ, ಎಂಜಿನ್ ಶುರು ಮಾಡೋಕೆ ಇನ್ನೊಂದು. ಏರ್ ಇಂಡಿಯಾದ ಬೋಯಿಂಗ್ 707 ಬಂದದ್ದು 1960ರಲ್ಲಿ. ಆ ಕಾಲದ ದೊಡ್ಡ ಜೆಟ್‌ಗಳು ನೆಲದ ಮೇಲೆ ಈ ಗಾಡಿಗಳನ್ನೇ ನಂಬಿಕೊಂಡಿದ್ದವು. ಗಾಡಿ ಇಲ್ಲದ ಊರಿಗೆ ಹೋದ್ರೆ ಕಷ್ಟ.

ಬಾಲದಲ್ಲೊಂದು ಪುಟ್ಟ ಎಂಜಿನ್

ಆ ಕಷ್ಟಕ್ಕೆ ಬೋಯಿಂಗ್ 727 ಉತ್ತರ ಕೊಡ್ತು. 1963ರಲ್ಲಿ ಮೊದಲು ಹಾರಿ, 1964ರಲ್ಲಿ ಪ್ರಯಾಣಿಕ ಸೇವೆಗೆ ಬಂದ ವಿಮಾನ. ಸಣ್ಣ ಊರುಗಳಲ್ಲೂ ಇಳಿಯಬೇಕು, ಅಲ್ಲಿ ಗಾಡಿ ಇರಲಿ ಬಿಡಲಿ ಕೆಲಸ ನಡೀಬೇಕು ಅಂತ ಅದರೊಳಗೇ ಒಂದು ಪುಟ್ಟ ಟರ್ಬೈನ್ ಕೂರಿಸಿದರು. ಅದರ ಹೆಸರು ಎಪಿಯು. ದೊಡ್ಡ ಎಂಜಿನ್‌ಗಳು ನಿಂತ ಮೇಲೂ ಕರೆಂಟು, ಗಾಳಿ, ತಂಪು, ಬಿಸಿ ಎಲ್ಲ ಅದರಿಂದಲೇ. ಈಗ ಹೆಚ್ಚಿನ ಜೆಟ್‌ಗಳಲ್ಲಿ ಅದು ಬಾಲದ ತುದಿಯಲ್ಲಿದೆ. ವಿಮಾನದ ಹಿಂದೆ ಒಂದು ಸಣ್ಣ ತೂತು ಕಾಣುತ್ತಲ್ಲ, ಅದೇ ಅದರ ಹೊಗೆ ಕೊಳವೆ.

ಅನುಕೂಲ ದೊಡ್ಡದು, ಖರ್ಚೂ ಸಣ್ಣದಲ್ಲ. ಎ320 ಗಾತ್ರದ ವಿಮಾನದ ಎಪಿಯು ಗಂಟೆಗೆ ಸುಮಾರು 100 ಕೆ.ಜಿ. ಇಂಧನ ಕುಡಿಯುತ್ತೆ. ಅರ್ಧ ಗಂಟೆ ನಿಂತ್ರೆ 50 ಕೆ.ಜಿ., ಅಂದ್ರೆ ಅರವತ್ತು ಲೀಟರ್ ಮೇಲೆ. ಒಂದು ಕೆ.ಜಿ. ವಿಮಾನ ಇಂಧನ ಉರಿದ್ರೆ ಮೂರು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತೆ. ಒಂದು ವಿಮಾನ ದಿನಕ್ಕೆ ಆರು ಸಲ ಹೀಗೆ ಅರ್ಧರ್ಧ ಗಂಟೆ ಎಪಿಯು ಓಡಿಸಿದ್ರೆ, ನಿಂತಲ್ಲೇ ಸುಮಾರು ಒಂದು ಟನ್! ಒಂದು ಮೈಲಿನೂ ಹಾರದೆ.

ಜಾವಗಲ್‌ನ ರೈತನ ವಿಮಾನ

ಈಗ ನಮ್ಮ ತೆಂಗಿನ ಸೀಮೆಗೆ ಬರೋಣ. ಸೇನೆಯಿಂದ ಬಂದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಗೊರೂರಿನವರು. ಹೇಮಾವತಿ ಜಲಾಶಯದಲ್ಲಿ ಕುಟುಂಬದ ಜಮೀನು ಮುಳುಗಿತು. ಬದಲಿಗೆ ಸಿಕ್ಕ ಭೂಮಿ ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಲ್ಲಿ. ಅಲ್ಲಿ ಅವರು ತೆಂಗು, ರೇಷ್ಮೆ ಅಂತ ವ್ಯವಸಾಯ ಮಾಡಿದರು. ಅರಸೀಕೆರೆ ಅಂದ್ರೆ ತಿಪಟೂರಿನ ಪಕ್ಕದ ತಾಲ್ಲೂಕು, ರೈಲಿನಲ್ಲಿ ಮುಂದಿನ ದೊಡ್ಡ ಸ್ಟೇಷನ್. ಅದೇ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದರು.

ಅವರು ಮೊದಲು ತಂದದ್ದು ಎಟಿಆರ್ ವಿಮಾನ. ಪಂಖ ಇರೋ ಸಣ್ಣ ವಿಮಾನ. ಅದರಲ್ಲಿ ಎಪಿಯು ಇಲ್ಲ! ಹಾಗಾದ್ರೆ ನಿಂತಾಗ ತಂಪಿಗೆ ಏನು ಮಾಡೋದು? ಎಟಿಆರ್‌ನವರು ಒಂದು ಉಪಾಯ ಮಾಡಿದ್ದಾರೆ. ಬಲಗಡೆ ಎಂಜಿನ್ನಿನ ಪಂಖಕ್ಕೆ ಬ್ರೇಕ್ ಹಾಕೋದು, ಎಂಜಿನ್ ಮಾತ್ರ ಓಡ್ತಿರೋದು. ಪಂಖ ತಿರುಗಲ್ಲ, ಆದ್ರೆ ಕರೆಂಟು ಮತ್ತು ಗಾಳಿ ಬರುತ್ತೆ. ಇದಕ್ಕೆ ಹೋಟೆಲ್ ಮೋಡ್ ಅಂತ ಹೆಸರು. ಪ್ರಯಾಣಿಕರ ಬಾಗಿಲು ಎಡಗಡೆ ಹಿಂದೆ, ಓಡೋ ಎಂಜಿನ್ ಬಲಗಡೆ.

ಎಪಿಯು ಹೊರೆ ಇಲ್ಲದ್ದರಿಂದ ವಿಮಾನ ಹಗುರ. ದೊಡ್ಡ ಸೌಲಭ್ಯ ಇಲ್ಲದ ಊರಿಗೂ ಹೋಗಬಹುದು. ಮೊದಲ ಸಲ ವಿಮಾನ ಹತ್ತಿದ ಎಷ್ಟೋ ಕನ್ನಡಿಗರು ಕೂತದ್ದು ಇಂಥ ವಿಮಾನದಲ್ಲೇ. ಆದ್ರೆ ಲೆಕ್ಕ ನೋಡಿ. ಇಲ್ಲೂ ತಂಪು ಬರ್ತಿರೋದು ಎಣ್ಣೆ ಉರಿಸಿಯೇ, ಅದೂ ವಿಮಾನದ ಪಕ್ಕದಲ್ಲೇ. ಬೆಂಕಿ ಬಾಲದಿಂದ ರೆಕ್ಕೆಗೆ ಬಂತು, ಅಷ್ಟೇ.

ಹಳದಿ ಕೊಳವೆ

1973ರ ತೈಲ ಬಿಕ್ಕಟ್ಟಿನಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯ್ತು. ಅಲ್ಲಿಂದ ನಿಂತಲ್ಲಿ ಉರಿಯೋ ಪ್ರತಿ ಲೀಟರೂ ಲೆಕ್ಕಕ್ಕೆ ಬಂತು. ಪಶ್ಚಿಮದ ದೊಡ್ಡ ನಿಲ್ದಾಣಗಳು ಗೇಟಿನಲ್ಲೇ ಸ್ಥಿರ ವ್ಯವಸ್ಥೆ ಕೂರಿಸ್ತಾ ಹೋದವು. 1902ರ ಆ ಎರಡು ಆರಂಭಗಳು, ತಂಪಿನ ಯಂತ್ರ ಮತ್ತು ತಂತಿಯ ಕರೆಂಟು, ವಿಮಾನದ ಹೊಟ್ಟೆ ಕೆಳಗೆ ಕೊನೆಗೂ ಒಂದಾದವು.

ಅದು ಕೆಲಸ ಮಾಡೋದು ಹೀಗೆ. ಏರೋಬ್ರಿಡ್ಜ್ ಕೆಳಗೆ ಒಂದು ದೊಡ್ಡ ಎಸಿ ಯಂತ್ರ ನೇತಾಡ್ತಿರುತ್ತೆ. ಅದರಿಂದ ದಪ್ಪ ಕೊಳವೆ, ಹೆಚ್ಚಾಗಿ ಹಳದಿ ಬಣ್ಣದ್ದು, ವಿಮಾನದ ಹೊಟ್ಟೆಗೆ ಸೇರುತ್ತೆ. ಯಂತ್ರ ಹೊರಗಿನ ಗಾಳಿ ಎಳೆದು, ಸೋಸಿ, ತೇವ ತೆಗೆದು, ತಂಪು ಮಾಡಿ ಒಳಗೆ ಕಳಿಸುತ್ತೆ. ಚಳಿ ಊರಲ್ಲಿ ಬಿಸಿ ಮಾಡಿ ಕಳಿಸುತ್ತೆ. ಪಕ್ಕದಲ್ಲೇ ಕರೆಂಟಿನ ಕೇಬಲ್. ನಮ್ಮ ಮನೆಯ ಕರೆಂಟು 50 ಹರ್ಟ್ಜ್, ವಿಮಾನಕ್ಕೆ ಬೇಕಾದ್ದು 400 ಹರ್ಟ್ಜ್, ಯಾಕಂದ್ರೆ ಆ ವೇಗದ ಕರೆಂಟಿಗೆ ಮೋಟಾರು, ಟ್ರಾನ್ಸ್‌ಫಾರ್ಮರ್ ಎಲ್ಲ ಚಿಕ್ಕದಾಗಿ, ಹಗುರವಾಗಿ ಮಾಡಬಹುದು. ಅದಕ್ಕೇ ಮಧ್ಯೆ ಒಂದು ಪರಿವರ್ತಕ ಯಂತ್ರ.

2008ರ ಮೇ ತಿಂಗಳಲ್ಲಿ ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದವು. 2022ರ ನವೆಂಬರ್‌ನಲ್ಲಿ ಅಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆ ಆಯ್ತು. ದೆಹಲಿ, ಬೆಂಗಳೂರಿನಂಥ ದೊಡ್ಡ ನಿಲ್ದಾಣಗಳ ಗೇಟುಗಳಿಗೆ ಈ ವ್ಯವಸ್ಥೆ ಈಗ ಬಂದಿದೆ.

ಇದ್ದೂ ಯಾಕೆ ಬಳಸಲ್ಲ?

ಯಂತ್ರ ಇದ್ದ ಮಾತ್ರಕ್ಕೆ ಎಪಿಯು ನಿಲ್ಲುತ್ತೆ ಅಂತಿಲ್ಲ. ಕೊಳವೆ ಎಳೆದು ಜೋಡಿಸೋಕೆ ಆಳು ಬೇಕು, ಸಮಯ ಬೇಕು. ವಿಮಾನ ಮೂವತ್ತು ನಿಮಿಷದಲ್ಲಿ ವಾಪಸ್ ಹೊರಡಬೇಕಾದ್ರೆ ಅದು ಸಣ್ಣ ಮಾತಲ್ಲ. ಕೊಳವೆ ಮಡಚಿದ್ರೆ, ಹರಿದಿದ್ರೆ ಗಾಳಿ ಸರಿಯಾಗಿ ಹೋಗಲ್ಲ. ಬಿಸಿಲಲ್ಲಿ ಬಿದ್ದಿದ್ರೆ ಒಳಗಿನ ತಂಪು ದಾರಿಯಲ್ಲೇ ಕಮ್ಮಿ ಆಗುತ್ತೆ. ಸೇವೆಗೆ ಶುಲ್ಕನೂ ಇರುತ್ತೆ. ಪೈಲಟ್‌ಗೆ ಎಪಿಯು ಅಂದ್ರೆ ತನ್ನ ಕೈಯಲ್ಲೇ ಇರೋ ಸ್ವಿಚ್. ಇನ್ನು ಬಸ್ಸಿನಲ್ಲಿ ಹೋಗಿ ಏಣಿ ಹತ್ತೋ ದೂರದ ಜಾಗದಲ್ಲಿ ಏರೋಬ್ರಿಡ್ಜೇ ಇಲ್ಲ. ಅಲ್ಲಿ ಬರೋದು ಹೆಚ್ಚಾಗಿ ಡೀಸೆಲ್ ಗಾಡಿ.

ಇದರಲ್ಲಿ ಪ್ರಯಾಣಿಕನಿಗೆ ನಷ್ಟ ಏನಿಲ್ಲ. ಎಲ್ಲಿಂದ ಬಂದ್ರೂ ಆತನಿಗೆ ತಂಪು ತಂಪೇ. ವ್ಯತ್ಯಾಸ ಗೊತ್ತಾಗೋದು ಕೆಳಗೆ ನಿಂತವರಿಗೆ. ಲಗೇಜ್ ಎತ್ತೋರು, ಇಂಧನ ತುಂಬೋರು, ಚಕ್ರಕ್ಕೆ ಅಡ್ಡ ಇಡೋರು. ಎಂಟು ಗಂಟೆ ಪಾಳಿ, ಒಂದಾದ ಮೇಲೊಂದು ವಿಮಾನ, ಪ್ರತಿ ವಿಮಾನದ ಬಾಲದಲ್ಲೂ ಆ ಸದ್ದು, ಆ ಹೊಗೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ನಿಲ್ದಾಣದ ಕೆಲಸಗಾರರು ಇದನ್ನ ಪ್ರಶ್ನೆ ಮಾಡಿದರು. ಅಲ್ಲಿ ಅಳತೆ ಮಾಡಿದಾಗ ವಿಮಾನ ನಿಲ್ಲೋ ಅಂಗಳದ ಅತಿಸೂಕ್ಷ್ಮ ಕಣಗಳು ನಗರದ ಅತಿ ಹೆಚ್ಚು ವಾಹನ ಓಡೋ ರಸ್ತೆಗಿಂತ ಎರಡು ಮೂರು ಪಟ್ಟು ಹೆಚ್ಚಿದ್ದವು. ಕೆಲವು ಕೆಲಸಗಾರರ ಕ್ಯಾನ್ಸರನ್ನ ಆ ದೇಶ ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿಕೊಂಡಿತು. ಎಪಿಯುಗೂ ನಿಯಮ ಬಿಗಿಯಾಯ್ತು: ವಿಮಾನ ಬಂದು ನಿಂತ ಮೇಲೆ ಐದು ನಿಮಿಷ, ಹೊರಡೋ ಮುಂಚೆ ಐದು ನಿಮಿಷ. ಇಲ್ಲಿ ಯಂತ್ರ ಹೊಸದಲ್ಲ, ನಿಯಮ ಹೊಸದು. ಆ ನಿಯಮ ಬರೋಕೆ ಕೆಳಗೆ ನಿಂತವರು ಬಾಯಿ ಬಿಡಬೇಕಾಯ್ತು.

ಪ್ಲಗ್ ಹಾಕಿದ ಮಾತ್ರಕ್ಕೆ ಬೆಂಕಿ ಮಾಯ ಆಗುತ್ತೆ ಅಂತಲೂ ಅಲ್ಲ. ಆ ಕರೆಂಟು ಎಲ್ಲೋ ಹುಟ್ಟಬೇಕು. ನಮ್ಮ ರಾಜ್ಯದ ಗ್ರಿಡ್‌ನಲ್ಲಿ ಶರಾವತಿಯ ನೀರೂ ಇದೆ, ರಾಯಚೂರಿನ ಕಲ್ಲಿದ್ದಲೂ ಇದೆ, 2018ರಿಂದ ಪಾವಗಡದ ಬಿಸಿಲೂ ಇದೆ. ಪಾವಗಡ ಅಂದ್ರೆ ತಿಪಟೂರಿನ ಜಿಲ್ಲೆಯೇ, ತುಮಕೂರು. ರೈತರು ಗುತ್ತಿಗೆಗೆ ಕೊಟ್ಟ ಭೂಮಿಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ಕಲ್ಲಿದ್ದಲು ಉರಿದ್ರೆ ಹೊಗೆ ಲೋಡರ್ ಹುಡುಗನ ಮೂಗಿನಿಂದ ರಾಯಚೂರಿನವರ ಮೂಗಿಗೆ ಹೋಯ್ತು ಅಷ್ಟೇ. ಬಿಸಿಲಿನಿಂದ ಬಂದ್ರೆ, ವಿಮಾನವನ್ನ ಕಾಯಿಸಿದ ಬಿಸಿಲೇ ಅದನ್ನ ತಂಪೂ ಮಾಡ್ತು.

ಮುಂದಿನ ಸಲ ದೇವನಹಳ್ಳಿಗೆ ಹೋದ್ರೆ, ಹತ್ತೋ ಮುಂಚೆ ಗಾಜಿನಿಂದ ಕೆಳಗೆ ನೋಡಿ. ಹಳದಿ ಕೊಳವೆ ವಿಮಾನದ ಹೊಟ್ಟೆಗೆ ಸೇರಿದೆಯಾ, ಇಲ್ಲ ನೆಲದ ಮೇಲೆ ಸುಮ್ಮನೆ ಬಿದ್ದಿದೆಯಾ? ಬಿದ್ದಿದ್ರೆ ಬಾಲದ ಕಡೆ ಕಣ್ಣು ಹಾಯಿಸಿ, ಗಾಳಿ ಬಿಸಿಗೆ ನಡುಗ್ತಿರೋದು ಕಾಣಬಹುದು. ನಿಮ್ಮಲ್ಲಿ ಯಾರಾದ್ರೂ ಅಲ್ಲಿ ಕೆಳಗೆ ಕೆಲಸ ಮಾಡ್ತಿದ್ರೆ, ನಿಮಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಬರೆದು ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ನಿಮ್ಮ ಮಾತನ್ನೇ ಕೇಳಿಸ್ತೀವಿ.