ಪಂಜರಪಕ್ಷಿ ಸಾಕಣೆ

ಹಕ್ಕಿಗಳನ್ನು ಪಂಜರದಲ್ಲಿ ಅಥವಾ ಬಲೆ ಬಿಗಿದ ಆವರಣದಲ್ಲಿ ಸಾಕಿ ಮರಿ ಮಾಡಿಸುವ ಹವ್ಯಾಸ ಹಾಗೂ ಕಸುಬು. ಮಾಂಸ, ಮೊಟ್ಟೆಗಳಿಗಾಗಿ ನಡೆಯುವ ಕೋಳಿ ಸಾಕಣೆ ಇದರಲ್ಲಿ ಸೇರುವುದಿಲ್ಲ.

ಇತಿಹಾಸ: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (12ನೆಯ ಶತಮಾನ) ರಾಜವಿನೋದಗಳ ಸಾಲಿನಲ್ಲಿ ಡೇಗೆ, ಪಾರಿವಾಳ, ಲಾವಕ್ಕಿ, ಹುಂಜಗಳನ್ನು ವಿವರಿಸುತ್ತದೆ. 1892ರಲ್ಲಿ ಮೈಸೂರು ಮೃಗಾಲಯ ಆರಂಭವಾಯಿತು. ಅದೇ ಊರಿನ ಅವಧೂತ ದತ್ತಪೀಠದ ಶುಕವನ 468 ಜಾತಿಯ ಹಕ್ಕಿಗಳಿಗಾಗಿ 2017ರಲ್ಲಿ ಗಿನ್ನೆಸ್ ದಾಖಲೆ ಪಡೆಯಿತು.

ಮರಿ ಮಾಡಿಸುವ ಕ್ರಮ: ಬೆಂಗಳೂರಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಟ್ರೇಲಿಯಾ ಮೂಲದ ಬಜರಿಗಾರ್. ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವುದು ಬಹುಮಟ್ಟಿಗೆ ಇದನ್ನೇ. ಬಲಿತ ಗಂಡಿನ ಕೊಕ್ಕಿನ ಬುಡ ಸಾಮಾನ್ಯವಾಗಿ ನೀಲಿ, ಹೆಣ್ಣಿನದು ಕಂದು. ಪಕ್ಕದಲ್ಲಿ ತೂತಿರುವ ಮಣ್ಣಿನ ಮಡಕೆ ಕಟ್ಟಿದರೆ ಅದೇ ಗೂಡು. ಹೆಣ್ಣು ದಿನ ಬಿಟ್ಟು ದಿನ ಒಂದರಂತೆ 4–6 ಮೊಟ್ಟೆಯಿಟ್ಟು ಸುಮಾರು 18 ದಿನ ಕಾವು ಕೊಡುತ್ತದೆ. ಆಗ ಅದಕ್ಕೆ ಗಂಡೇ ಉಣಿಸುತ್ತದೆ. ಮರಿಗಳು ಒಂದೊಂದಾಗಿ ಹೊರಬರುವುದರಿಂದ ಒಂದೇ ಗೂಡಿನಲ್ಲಿ ಸಣ್ಣವೂ ದೊಡ್ಡವೂ ಇರುತ್ತವೆ. ಸುಮಾರು ಐದು ವಾರಕ್ಕೆ ಅವು ಗೂಡು ಬಿಡುತ್ತವೆ. ನವಣೆ, ಸಜ್ಜೆ, ಸೊಪ್ಪು ಆಹಾರ, ಸುಣ್ಣದಂಶಕ್ಕೆ ಕಟಲ್‌ಬೋನ್. ಬಿಡುವಿಲ್ಲದೆ ಮೊಟ್ಟೆಯಿಟ್ಟ ಹೆಣ್ಣಿನಲ್ಲಿ ಸುಣ್ಣದಂಶ ಕುಗ್ಗಿ ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಆದ್ದರಿಂದ ಒಂದೆರಡು ಸೂಲಿನ ಬಳಿಕ ಮಡಕೆ ತೆಗೆದು ವಿಶ್ರಾಂತಿ ಕೊಡುತ್ತಾರೆ.

ಕಾನೂನು: ಯಾವ ಹಕ್ಕಿಯನ್ನು ಸಾಕಬಹುದು ಎಂಬುದು ಅದರ ಜಾತಿಯ ಮೇಲೆ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೆಂಪು ಕೊರಳಪಟ್ಟಿಯ ನಮ್ಮ ಗಿಳಿ, ಮೈನಾ, ಮುನಿಯಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಗಿಳಿಶಾಸ್ತ್ರದವರ ಗಿಳಿಗೂ ವಿನಾಯಿತಿಯಿಲ್ಲ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಆಫ್ರಿಕನ್ ಗ್ರೇ, ಮಕಾವ್‌ಗಳಂಥ ವಿದೇಶಿ ಹಕ್ಕಿಗಳನ್ನು ನೋಂದಾಯಿಸಬೇಕು. ಬಜರಿಗಾರ್, ಕಾಕಟೀಲ್ ಆ ಪಟ್ಟಿಯಲ್ಲಿಲ್ಲ.

ಪುಟ್ಟೇನಹಳ್ಳಿ: ಕಾನೂನಿನ ಈ ಭೇದ ಅಕ್ಕಪಕ್ಕದಲ್ಲೇ ಕಾಣುವ ಜಾಗವಿದು. ಬೆಂಗಳೂರಿನ ಜೆ.ಪಿ. ನಗರ 7ನೆಯ ಹಂತದ ಈ ಬಡಾವಣೆಯ ಕೆರೆಯನ್ನು 2010ರಲ್ಲಿ ಸ್ಥಾಪನೆಯಾದ ನಿವಾಸಿಗಳ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಕೆರೆಯ ನಾಮಕೋಳಿ, ನೀರುಕಾಗೆಗಳು ಕಾಯ್ದೆಯ ರಕ್ಷಣೆಯಲ್ಲಿವೆ. ಅಕ್ಕಪಕ್ಕದ ಬಾಲ್ಕನಿಯ ಬಜರಿಗಾರ್‌ಗೆ ನೋಂದಣಿಯೂ ಬೇಕಿಲ್ಲ. ಸಾಕಲಾರದೆ ಅದನ್ನು ಕೆರೆಯಂಗಳದಲ್ಲಿ ಹಾರಿಬಿಡುವುದು ದಯೆಯಲ್ಲ: ಪಂಜರದಲ್ಲೇ ಹುಟ್ಟಿದ ಹಕ್ಕಿ ಕಾಳು ಹುಡುಕಲರಿಯದೆ ಹಸಿವಿಗೆ, ಇಲ್ಲವೇ ಕಾಗೆ-ಹದ್ದುಗಳಿಗೆ ಬಲಿಯಾಗುತ್ತದೆ. ಬೇರೊಬ್ಬ ಸಾಕುವವರಿಗೆ ಒಪ್ಪಿಸುವುದೇ ಸರಿಯಾದ ಕ್ರಮ.