ಉಂಡೆಯೊಳಗಿನ ತಾಮ್ರ: ಖೇತ್ರಿಯ ಕುಲುಮೆಗಳ ಇತಿಹಾಸ

ತಾಮ್ರಶಾಸನವೊಂದು ದೊರೆತಾಗ ನಾವು ಅದರ ಅಕ್ಷರಗಳನ್ನು ಓದುತ್ತೇವೆ. ದಾನವಿತ್ತ ಅರಸನಾರು, ಪಡೆದವರಾರು, ಭೂಮಿಯ ಎಲ್ಲೆ ಯಾವುದು ಎಂದು ವಿಚಾರಿಸುತ್ತೇವೆ. ಆ ಅಕ್ಷರಗಳನ್ನು ಹೊತ್ತ ತಗಡಿನ ಲೋಹವನ್ನು ಕಲ್ಲಿನಿಂದ ಬೇರ್ಪಡಿಸಿದವರಾರು ಎಂದು ಕೇಳುವುದು ವಿರಳ. ಈ ಪ್ರಶ್ನೆಗೆ ಉತ್ತರವನ್ನು ಅರಸಿ ಹೊರಟರೆ ನಾವು ರಾಜಸ್ಥಾನದ ಖೇತ್ರಿ ಮತ್ತು ಸಿಂಘಾನಗಳ ಬೆಟ್ಟಗಳಿಗೆ ಹೋಗಬೇಕಾಗುತ್ತದೆ. ಭಾರತೀಯರ ತಾಮ್ರವಿದ್ಯೆಯ ದೀರ್ಘ ಪರಂಪರೆಯೊಂದು ಅಲ್ಲಿ ಬೆಳೆದು, ಅಲ್ಲಿಯೇ ನಂದಿತು.

ಖೇತ್ರಿ ಎಂದೊಡನೆ, ಸ್ವಾಮಿ ವಿವೇಕಾನಂದರು 1893ರಲ್ಲಿ ಷಿಕಾಗೋ ನಗರಕ್ಕೆ ತೆರಳಲು ನೆರವಾದ ರಾಜಾ ಅಜಿತ್ ಸಿಂಹನ ನೆನಪು ನಮಗಾಗುತ್ತದೆ. ಆದರೆ ಅರಾವಳಿಯ ಆ ಸೀಮೆಯ ಕೀರ್ತಿ ಅದಕ್ಕಿಂತ ಬಹಳ ಹಳೆಯದು. ಸಮೀಪದ ಗಣೇಶ್ವರದಲ್ಲಿ ಕ್ರಿ.ಪೂ. 3ನೆಯ ಸಹಸ್ರಮಾನಕ್ಕೆ ಸೇರಿದ ತಾಮ್ರದ ಬಾಣದ ಮೊನೆಗಳು ನೂರಾರು ಸಂಖ್ಯೆಯಲ್ಲಿ ದೊರೆತಿವೆ. ಹರಪ್ಪದ ನಗರಗಳಿಗೆ ಇಲ್ಲಿಂದಲೇ ತಾಮ್ರ ಹೋಗುತ್ತಿತ್ತೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲಿಯೂ ಸಿಂಘಾನದ ತಾಮ್ರದ ಗಣಿಗಳ ಉಲ್ಲೇಖವಿದೆ.

ಅಲ್ಲಿಯ ಮುಖ್ಯ ಅದಿರು ತಾಮ್ರ, ಕಬ್ಬಿಣ ಮತ್ತು ಗಂಧಕಗಳ ಕೂಟ. ಈ ಖನಿಜವು ಪೂರ್ಣ ಶುದ್ಧವಾಗಿದ್ದಾಗಲೂ ಅದರಲ್ಲಿ ತಾಮ್ರದ ಪಾಲು ನೂರಕ್ಕೆ ಸುಮಾರು 34 ಮಾತ್ರ. ಗಣಿಯಿಂದ ಬಂದ ಕಲ್ಲಿನಲ್ಲಿಯಾದರೋ ಬೆಣಚುಕಲ್ಲೇ ಹೆಚ್ಚು. ಆದುದರಿಂದ ಕೆಲಸಗಾರರು ಮೊದಲು ಅದಿರನ್ನು ಸುತ್ತಿಗೆಯಿಂದ ಕುಟ್ಟಿ ನುಣ್ಣಗೆ ಪುಡಿಮಾಡುತ್ತಿದ್ದರು. ಆ ಪುಡಿಯನ್ನು ಸಗಣಿಯೊಡನೆ ಕಲಸಿ ಉಂಡೆ ಕಟ್ಟಿ, ಬಿಸಿಲಿನಲ್ಲಿ ಒಣಗಿಸಿ, ಬೆರಣಿಯ ಬೆಂಕಿಯಲ್ಲಿ ಸುಡುತ್ತಿದ್ದರು. 19ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಆಂಗ್ಲ ಅಧಿಕಾರಿಗಳು ಈ ಕ್ರಮವನ್ನು ಕಂಡು ಬರೆದಿಟ್ಟರು. 1881ರಲ್ಲಿ ಪ್ರಕಟವಾದ ವ್ಯಾಲೆಂಟೈನ್ ಬಾಲ್ ಅವರ ಭಾರತದ ಖನಿಜಸಂಪತ್ತಿನ ಗ್ರಂಥದಲ್ಲಿಯೂ ಈ ಗಣಿಗಳ ವಿವರವಿದೆ.

ಸಗಣಿಯ ಉಂಡೆಯೇ ಏಕೆ? ಪುಡಿಯನ್ನು ಹಾಗೆಯೇ ಕುಲುಮೆಗೆ ಸುರಿದರೆ ತಿದಿಯ ಗಾಳಿಗೆ ಒಂದಿಷ್ಟು ಹಾರಿಹೋಗುತ್ತದೆ. ಉಳಿದದ್ದು ಇದ್ದಿಲಿನ ಸಂದುಗಳನ್ನು ಮುಚ್ಚಿ ಗಾಳಿಯನ್ನು ತಡೆಯುತ್ತದೆ. ಕುಟ್ಟದೆ ದಪ್ಪ ಕಲ್ಲನ್ನೇ ಸುಟ್ಟರೆ ಬಿಸಿಯೂ ಗಾಳಿಯೂ ಒಳಗಿನವರೆಗೆ ತಲುಪುವುದಿಲ್ಲ. ಉಂಡೆ ಈ ಎರಡು ತೊಡಕುಗಳನ್ನೂ ನಿವಾರಿಸುತ್ತದೆ. ಸಗಣಿ ಹಸಿಯಾಗಿದ್ದಾಗ ಅಂಟಾಗುತ್ತದೆ, ಒಣಗಿದಾಗ ಉರುವಲಾಗುತ್ತದೆ. ಅದರೊಳಗಿನ ಹುಲ್ಲಿನ ಎಳೆಗಳು ಉರಿದುಹೋದ ಮೇಲೆ ಸಣ್ಣ ರಂಧ್ರಗಳುಳಿದು ಗಾಳಿಗೆ ದಾರಿಯಾಗುತ್ತದೆ. ಆಗ ಗಂಧಕದ ಬಹುಪಾಲು ಹೊಗೆಯಾಗಿ ಹೊರಬೀಳುತ್ತದೆ. ರಸಾಯನಶಾಸ್ತ್ರದ ಪಾಠವನ್ನು ಕೇಳದ ಕೈಗಳು ಇದನ್ನು ಅನುಭವದಿಂದಲೇ ಸಾಧಿಸಿದ್ದವು. ಆ ಹೊಗೆ ಕಣ್ಣನ್ನೂ ಗಂಟಲನ್ನೂ ಉರಿಸುವಂಥದ್ದೆಂಬುದನ್ನು ನಾವು ಮರೆಯಲಾಗದು.

ಸುಟ್ಟ ಉಂಡೆಗಳನ್ನು ಇದ್ದಿಲು ಮತ್ತು ಕಬ್ಬಿಣದ ಕಿಟ್ಟದೊಡನೆ ಮಣ್ಣಿನ ಸಣ್ಣ ಕುಲುಮೆಗೆ ಹಾಕಿ, ಚರ್ಮದ ತಿದಿಗಳನ್ನು ಗಂಟೆಗಟ್ಟಲೆ ಒತ್ತುತ್ತಿದ್ದರು. ಕಿಟ್ಟವು ಬೆಣಚುಕಲ್ಲಿನ ಅಂಶದೊಡನೆ ಬೆರೆತು, ಅದು ಸುಲಭವಾಗಿ ಕರಗಿ ಮೇಲೆ ತೇಲುವಂತೆ ಮಾಡುತ್ತಿತ್ತು. ಭಾರವಾದ ಲೋಹ ತಳದಲ್ಲಿ ನಿಲ್ಲುತ್ತಿತ್ತು. ಹೀಗೆ ದೊರೆತ ತಾಮ್ರ ಇನ್ನೂ ಅಶುದ್ಧವಾದುದು. ಅದನ್ನು ಮತ್ತೆ ಕರಗಿಸಿ, ಮೇಲೆ ಗಾಳಿಯೂದಿ, ಉಳಿದ ಕಬ್ಬಿಣ ಗಂಧಕಗಳನ್ನು ಕಳೆದು ಗಟ್ಟಿಗಳನ್ನು ಎರೆಯುತ್ತಿದ್ದರು. ಗಣಿಯ ಕಸವೂ ವ್ಯರ್ಥವಾಗುತ್ತಿರಲಿಲ್ಲ. ಅದರಿಂದ ಮೈಲುತುತ್ತವನ್ನು ತೆಗೆಯುತ್ತಿದ್ದರು.

ಇಂತಹ ವಿದ್ಯೆ ಏಕೆ ಅಳಿಯಿತು? ಗಣಿಗಳು ಆಳವಾದಂತೆ ನೀರು ತುಂಬಿತು. ಇದ್ದಿಲಿಗೆ ಬೇಕಾದ ಮರ ದುರ್ಲಭವಾಯಿತು. ಅದೇ ಕಾಲಕ್ಕೆ ವೇಲ್ಸ್ ಪ್ರಾಂತದ ಸ್ವಾನ್ಸಿ ಪಟ್ಟಣ ತಾಮ್ರದ ಜಾಗತಿಕ ಕೇಂದ್ರವಾಗಿ ಬೆಳೆದಿತ್ತು. ಅಲ್ಲಿ ಅಶುದ್ಧ ದ್ರವ್ಯವನ್ನು ಕರಗಿಸಿ ನೀರಿಗೆ ಸುರಿದು ಹರಳುಗಳನ್ನಾಗಿ ಮಾಡಿ ಮತ್ತೆ ಹುರಿಯುತ್ತಿದ್ದರು. ಉದ್ದೇಶ ನಮ್ಮ ಉಂಡೆಯದೇ: ಬೆಂಕಿ ಮತ್ತು ಗಾಳಿ ಒಳಹೊಗಬೇಕು. ಆದರೆ ಅವರಿಗೆ ಕಲ್ಲಿದ್ದಲಿನ ಬಲವಿತ್ತು, ಹಡಗುಗಳ ಬಲವಿತ್ತು. ಹೊರನಾಡಿನ ಅಗ್ಗದ ತಾಮ್ರದೆದುರು ಇದ್ದಿಲಿನ ಕುಲುಮೆ ನಿಲ್ಲಲಾರದಾಯಿತು.

ಸ್ವಾತಂತ್ರ್ಯಾನಂತರ, 1967ರಲ್ಲಿ ಹಿಂದೂಸ್ತಾನ್ ಕಾಪರ್ ಲಿಮಿಟೆಡ್ ಸ್ಥಾಪನೆಗೊಂಡು, 1970ರ ದಶಕದಲ್ಲಿ ಖೇತ್ರಿಯಲ್ಲಿ ಮತ್ತೆ ತಾಮ್ರ ಕರಗಿತು. ಈ ಹೊಸ ವಿಧಾನದಲ್ಲಿ ಒಣ ಪುಡಿಯನ್ನೇ ಬಿಸಿಗಾಳಿಯೊಡನೆ ಕುಲುಮೆಗೆ ಊದುತ್ತಿದ್ದರು; ಅದು ಗಾಳಿಯಲ್ಲಿಯೇ ಉರಿದು ಕರಗುತ್ತಿತ್ತು. ಹಿಂದೆ ತೊಡಕಾಗಿದ್ದ ಪುಡಿಯೇ ಆಗ ಅನುಕೂಲವಾಯಿತು. ಉಂಡೆಯ ಅಗತ್ಯ ತೀರಿತು. ಅನಂತರ ವಿದ್ಯುತ್ತಿನ ಸಹಾಯದಿಂದ ತಾಮ್ರವನ್ನು ನೂರಕ್ಕೆ 99.99ರಷ್ಟು ಶುದ್ಧಗೊಳಿಸುತ್ತಿದ್ದರು.

ಈ ಕಥೆ ದೂರದ್ದೆಂದು ನಮಗೆ ತೋರಬಾರದು. ರಾಯದುರ್ಗದ ನೆರೆಯ ಚಿತ್ರದುರ್ಗದ ಬಳಿ ಇಂಗಳದಾಳದಲ್ಲಿಯೂ ತಾಮ್ರದ ಹಳೆಯ ಅಗೆತಗಳಿದ್ದವು. ಕಳೆದ ಶತಮಾನದಲ್ಲಿ ಅಲ್ಲಿ ಗಣಿಯೂ ನಡೆಯಿತು. ಖೇತ್ರಿಯ ಕ್ರಮವನ್ನು ನೋಡಿದವರೊಬ್ಬರು ಬರೆದಿಟ್ಟುದರಿಂದ ನಮಗೆ ಅದು ತಿಳಿದಿದೆ. ಆದರೆ ಆ ಬರಹಗಳು ಕುಲುಮೆಯನ್ನು ವರ್ಣಿಸುವಷ್ಟು ಆಸ್ಥೆಯಿಂದ ಅದರ ಮುಂದೆ ಕುಳಿತವರನ್ನು ವರ್ಣಿಸುವುದಿಲ್ಲ. ಉಂಡೆ ಕಟ್ಟಿದವರು ತಮ್ಮ ಕೆಲಸದ ಬಗೆಗೆ ತಮ್ಮ ಮಾತಿನಲ್ಲಿ ಹೇಳಿದ್ದನ್ನು ನಾವು ಓದಲು ಸಿಗುವುದಿಲ್ಲ.

ನಮ್ಮ ಗಡಿಯೂರುಗಳಲ್ಲಿ ಕಂಚುಗಾರರೂ ಕಮ್ಮಾರರೂ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ತಿದಿ, ಮೂಸೆ, ಕಿಟ್ಟ, ಪುಟ ಎಂಬ ಪದಗಳು ಅವರ ಬಾಯಲ್ಲಿ ದಿನಬಳಕೆಯ ಮಾತುಗಳು. ನಮ್ಮ ಮೊಮ್ಮಕ್ಕಳಿಗೆ ಅವು ನಿಘಂಟಿನ ಪದಗಳು. ರಾಜ್ಯದ ಎಲ್ಲೆಯಾಚೆ ಇರುವ ನಮಗೆ ಭಾಷೆಯನ್ನು ಉಳಿಸುವುದೆಂದರೆ ಕಾವ್ಯವಾಚನವಷ್ಟೇ ಅಲ್ಲ. ಕಸುಬು ನಿಂತ ದಿನ ಅದರ ಪದಗಳೂ ನಿಲ್ಲುತ್ತವೆ. ಮುಂದಿನ ಸಮ್ಮೇಳನದೊಳಗೆ ನಮ್ಮ ಯುವಕ ಯುವತಿಯರು ಒಬ್ಬೊಬ್ಬ ಹಿರಿಯ ಕಸುಬುದಾರರ ಬಳಿ ಕುಳಿತು, ಅವರ ಹೆಸರಿನೊಡನೆ ಅವರ ಮಾತುಗಳನ್ನು ಬರೆದುಕೊಂಡು ಬಂದರೆ, ಅದನ್ನು ಮುದ್ರಿಸುವ ಹೊಣೆಯನ್ನು ಸಂಘ ಹೊರಬೇಕೆಂದು ನಾವು ವಿನಂತಿಸುತ್ತೇವೆ.